ಎರಡೂ ಕಡೆ ಅಳಿಸಿಹೋದ ದನಿ

ಆಫೀಸಿನಲ್ಲಿ ಅವಳಿಗೆ ‘ಅಪಶಕುನ’ ಎಂದು ಹೆಸರಿಟ್ಟಿದ್ದರು. ಯಾವ ಮೀಟಿಂಗಿನಲ್ಲಿ ಕೂತರೂ “ಇದು ಕೆಟ್ಟುಹೋದ್ರೆ ಏನು ಮಾಡ್ತೀರಿ?” ಎಂದು ಬಾಯಿ ಹಾಕುತ್ತಿದ್ದಳಲ್ಲ, ಅದಕ್ಕೆ. ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ಇನ್ನೇನು ಕೇಳಬೇಕಿತ್ತು, ಟೀಗೆ ಸಕ್ಕರೆ ಎಷ್ಟು ಎಂದೇ?

ಅದು ಗಂಟಲಿನ ಆಸ್ಪತ್ರೆ. ಧ್ವನಿಪೆಟ್ಟಿಗೆ ತೆಗೆಯಬೇಕಾದವರನ್ನು ಆಪರೇಷನ್ನಿಗೆ ಮೊದಲು ಒಂದು ಕೋಣೆಯಲ್ಲಿ ಕೂರಿಸಿ, ಮಾತಾಡಿಸಿ, ದನಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಆಮೇಲೆ ಅವರು ಫೋನಿನಲ್ಲಿ ಟೈಪ್ ಮಾಡಿದ್ದನ್ನು ಫೋನು ಅವರದೇ ದನಿಯಲ್ಲಿ ಆಡಿ ತೋರಿಸುತ್ತಿತ್ತು. ರೆಕಾರ್ಡುಗಳೆಲ್ಲ ಇದ್ದದ್ದು ಕ್ಲೌಡ್‌ನಲ್ಲಿ, ಅಂದರೆ ದೂರದ ಎರಡು ಊರುಗಳ ಬಾಡಿಗೆ ಕಂಪ್ಯೂಟರುಗಳಲ್ಲಿ. ಫೋನು ಪ್ರತಿ ಸಲ ದನಿಯನ್ನು ಅಲ್ಲಿಂದಲೇ ತರಿಸಿಕೊಳ್ಳುತ್ತಿತ್ತು. ಒಂದರಲ್ಲಿ ಆದದ್ದು ಕಣ್ಣು ಮಿಟುಕಿಸುವುದರೊಳಗೆ ಇನ್ನೊಂದರಲ್ಲೂ ಆಗುತ್ತಿತ್ತು.

“ಅಳಿಸಿದ್ರೂ ಎರಡೂ ಕಡೆ ಅಳಿಸಿಹೋಗತ್ತೆ ಸರ್. ಯಾರ ಕೈಗೂ ಸಿಗದ ಹಾಗೆ ಇನ್ನೊಂದು ಪ್ರತಿ ಬೇರೆ ಇಡೋಣ. ಆಗಾಗ ಅದರಿಂದ ವಾಪಸ್ ತಂದು ನೋಡೋಣ.” ಮ್ಯಾನೇಜರಿಗೆ ಇದನ್ನು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

“ಎರಡು ಊರೂ ಒಟ್ಟಿಗೆ ಮುಳುಗತ್ತೇನಮ್ಮಾ?” ಎಂದು ಆತ ನಗುತ್ತಿದ್ದ. ಆತನ ವಿಪತ್ತಿನ ಯೋಜನೆಯಲ್ಲಿ ಬೆಂಕಿ, ಪ್ರವಾಹ, ಭೂಕಂಪ ಎಲ್ಲ ಇದ್ದವು. ಮನುಷ್ಯನ ಕೈ ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಅವಳ ಅಣ್ಣನಿಗೇ ಗಂಟಲಿನ ಕಾಯಿಲೆ ಬಂತು. ಮಾರುಕಟ್ಟೆಯಲ್ಲಿ ತರಕಾರಿ ಕೂಗಿ ಮಾರಿ ಅವಳನ್ನು ಓದಿಸಿದವನು ಅವನು. “ಡಬ್ಬದ ಮುಂದೆ ಏನು ಮಾತಾಡ್ಲಿ, ಹೋಗೇ!” ಎಂದು ಹಟ ಹಿಡಿದವನನ್ನು ಅವಳೇ ಪುಸಲಾಯಿಸಿ ಆ ಕೋಣೆಯಲ್ಲಿ ಕೂರಿಸಿದಳು. ಆಪರೇಷನ್ ಆಯಿತು. ಮನೆಗೆ ಬಂದವನು ಫೋನು ಹಿಡಿದು ಮೊದಲು ಆಡಿಸಿದ ಮಾತು, “ಏನೇ ಕೋತಿ, ಊಟ ಆಯ್ತಾ?” ಅವಳು ನಕ್ಕು ನಕ್ಕು ಅತ್ತಳು.

ಒಂದು ಮಧ್ಯಾಹ್ನ ಸಹೋದ್ಯೋಗಿಯೊಬ್ಬ ಹಳೆಯ ಫೈಲುಗಳನ್ನು ಗುಡಿಸಿಹಾಕಲು ಹೋಗಿ ರೋಗಿಗಳ ದನಿಗಳನ್ನೇ ಅಳಿಸಿಬಿಟ್ಟ. ಎರಡನೆಯ ಊರೂ ಮರುಮಾತಿಲ್ಲದೆ ಅಳಿಸಿತು. ರೆಕಾರ್ಡುಗಳನ್ನು ಆಸ್ಪತ್ರೆಯಲ್ಲಿ ಉಳಿಸಬಾರದೆಂಬ ನಿಯಮವನ್ನು ಅವಳು ಚಾಚೂ ತಪ್ಪದೆ ಪಾಲಿಸಿದ್ದಳು; ಅಣ್ಣನ ದನಿಯ ಪ್ರತಿಯನ್ನೂ ಇಟ್ಟುಕೊಂಡಿರಲಿಲ್ಲ. ಅಣ್ಣನ ಫೋನು ಮೂಕವಾಯಿತು.

ಅವಳ ಮೈಯೆಲ್ಲ ಉರಿಯಿತು. ಅಳಿಸಿದವನ ಮೇಲಲ್ಲ, ಕೈ ಯಾರದಾದರೂ ತಪ್ಪುತ್ತದೆ. ತಪ್ಪುವುದೇ ಇಲ್ಲ ಎಂದು ಹಲ್ಲು ಕಿರಿದು ಕೂತವನ ಮೇಲೆ. ಎಲ್ಲ ಗೊತ್ತಿದ್ದೂ ಅಣ್ಣನನ್ನು ಕೂರಿಸಿದ ತನ್ನ ಮೇಲೆ.

ಕೆಲವು ದಿನ ಕಳೆದು ಮ್ಯಾನೇಜರ್ ಅವಳ ಮೇಜಿನ ಬಳಿ ಬಂದ.

“ಇನ್ಮೇಲೆ ಮೂರು ಕಡೆ ಇಡ್ತೀವಿ. ಪೂರ್ತಿ ಸುರಕ್ಷಿತ ಅಂತ ಹೊಸ ರೋಗಿಗಳಿಗೆ ನೀನೇ ಹೇಳಿಬಿಡಮ್ಮ. ನಿನ್ನ ಮಾತಾದ್ರೆ ನಂಬ್ತಾರೆ.”

“ಮೂರನೇ ಕಡೆಯಿಂದ ಒಂದಾದ್ರೂ ವಾಪಸ್ ತಂದು ನೋಡಿದ್ದೀರಾ?”

“ಅದೆಲ್ಲ ನಿಧಾನಕ್ಕೆ ನೋಡೋಣ.”

“ನಿಮ್ಮ ಮಗಳ ಮೊದಲ ತೊದಲು ಮಾತು ಫೋನಲ್ಲಿದೆ ಅಂತ ಎಲ್ಲರಿಗೂ ಕೇಳಿಸ್ತಿದ್ರಲ್ಲ ಸರ್. ಅದನ್ನ ಕ್ಲೌಡ್‌ಗೆ ಹಾಕಿ. ನಿಮ್ಮ ಫೋನಿಂದ ಅಳಿಸಿ. ಮೊದಲಿನ ಎರಡು ಕಡೆಯಿಂದ ನಾನು ಅಳಿಸ್ತೀನಿ. ಆಮೇಲೆ ನಿಮ್ಮ ಮೂರನೇ ಕಡೆಯಿಂದ ತಂದು ಕೇಳಿಸಿ. ಈಗಲೇ.”

ಆತ ಫೋನನ್ನು ಜೇಬಿಗೆ ಇಳಿಸಿದ.

“ನಮ್ಮಣ್ಣ ಹಿಂದೆ ಮುಂದೆ ನೋಡ್ಲಿಲ್ಲ ಸರ್,” ಎಂದಳು. “ನಾನು ಹೇಳ್ದೆ. ದನಿ ಕೊಟ್ಬಿಟ್ಟ.”