ಅತ್ತಿಗೆಯ ಮುಖದಲ್ಲಿ ನಾನು ಓದಿದ್ದು

ಅತ್ತಿಗೆಯ ಬಾಯಿಯ ಎಡತುದಿ ಒಂದೆಳೆಯಷ್ಟು ಕೆಳಗಿಳಿದಿತ್ತು. ಮಗುವನ್ನು ಎತ್ತಿಕೊಳ್ಳಲು ನಾನು ಚಾಚಿದ್ದ ಕೈ ಹಾಗೇ ನಿಂತಿತು. ಅವರು ಮಗುವನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯತ್ತ ತಿರುಗಿದರು.

ಮರುದಿನ ಹೊರಮಾವಿನ ಅಣ್ಣನ ಫ್ಲ್ಯಾಟಿನಲ್ಲೇ ಅವನ ಮಗಳ ನಾಮಕರಣ. ಅಮ್ಮ ಮತ್ತು ನಾನು ಹಿಂದಿನ ದಿನವೇ ಹಲಸೂರಿನಿಂದ ಬಂದಿದ್ದೆವು. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಅಣ್ಣನಿಗೆ ಒಡಹುಟ್ಟಿದ ತಂಗಿ ಎಂದು ಇರುವವಳು ನಾನೊಬ್ಬಳೇ. ನನಗೆ ಬೈಪೋಲಾರ್ ಕಾಯಿಲೆ ಇದೆಯೆಂದು ಗೊತ್ತಾದ ಮೇಲೆ ಮನೆಯವರು ನನ್ನನ್ನು ಯಾವುದರಿಂದಲೂ ದೂರ ಇಟ್ಟಿರಲಿಲ್ಲ. ಮುಖ್ಯವಾದದ್ದೇನನ್ನೂ ನನ್ನ ಕೈಗೆ ಕೊಟ್ಟಿರಲೂ ಇಲ್ಲ. ಇದೇ ಮೊದಲು. ನನಗೆ ಇದು ಎಷ್ಟು ಬೇಕಾಗಿತ್ತೆಂದು ಯಾರಿಗೂ ಹೇಳಿರಲಿಲ್ಲ.

ಅಡುಗೆಮನೆಯಲ್ಲಿ ಅಮ್ಮ ಉಸಲಿಗೆ ಕಡಲೆ ನೆನೆಹಾಕುತ್ತಿದ್ದಳು.

"ನಾಳೆ ದೊಡ್ಡಪ್ಪನ ಮಗಳೇ ಹೆಸರು ಹೇಳ್ಲಿ ಬಿಡಮ್ಮ," ಎಂದೆ.

"ಮಾತ್ರೆ ತಗೊಂಡ್ಯಾ?"

"ಹಸಿವು ಅಂದ್ರೂ ಇದನ್ನೇ ಕೇಳ್ತೀಯ."

"ಸರಿ, ಯಾಕ್ ಬೇಡ ಹೇಳು."

"ಅತ್ತಿಗೆಗೆ ಇಷ್ಟ ಇಲ್ಲ."

"ಅವಳು ಹೇಳಿದ್ಲಾ?"

"ಮುಖ ನೋಡಿದ್ರೆ ಗೊತ್ತಾಗಲ್ವಾ?"

ಹೀಗೆಂದ ಮೇಲೆ ನನಗೇ ಲಿಂಗರಾಜಪುರದ ಕ್ಲಿನಿಕ್ಕು ನೆನಪಾಯಿತು. ಅಲ್ಲಿನ ಮನಶ್ಶಾಸ್ತ್ರಜ್ಞೆ ಒಮ್ಮೆ ಅಪರಿಚಿತರ ಫೋಟೋಗಳನ್ನು ತೋರಿಸಿ ಇವರಿಗೆ ಏನನ್ನಿಸುತ್ತಿದೆ ಎಂದು ಕೇಳಿದ್ದರು. ಕೋಪ, ಅಸಹನೆ, ಮತ್ತೆ ಕೋಪ ಎನ್ನುತ್ತಾ ಹೋದೆ. ಅವುಗಳಲ್ಲಿ ಹೆಚ್ಚಿನವು ಯಾವ ಭಾವವೂ ಇಲ್ಲದ ಮುಖಗಳಾಗಿದ್ದವು. ಈ ಕಾಯಿಲೆಯವರಲ್ಲಿ ಎಲ್ಲರಿಗೂ ಅಲ್ಲದಿದ್ದರೂ ಕೆಲವರಿಗೆ, ಮನಸ್ಸು ಸಮಾಧಾನವಾಗಿರುವಾಗಲೂ, ಹೀಗಾಗುವುದುಂಟಂತೆ. ಮಿದುಳಿನ ಒಳಭಾಗದಲ್ಲಿ ಅಪಾಯದ ಗಂಟೆ ಬೇಗ ಹೊಡೆದುಕೊಳ್ಳುತ್ತದೆ. ಅದನ್ನು ವಿಚಾರಿಸಿ ಸುಮ್ಮನಾಗಿಸಬೇಕಾದ ಮುಂಭಾಗ ತಡವಾಗಿ ಬರುತ್ತದೆ. "ನೀವು ನೋಡಿದ್ದು ಸುಳ್ಳಲ್ಲ. ಅದಕ್ಕೆ ಕೊಟ್ಟ ಅರ್ಥ ಮಾತ್ರ ಒಂದ್ಸಲ ಕೇಳಿ ಖಚಿತ ಮಾಡ್ಕೊಳ್ಳಿ," ಎಂದಿದ್ದರು.

ಆ ದಿನ ನನಗೆ ಸಮಾಧಾನಕ್ಕಿಂತ ಅವಮಾನವೇ ಹೆಚ್ಚಾಗಿತ್ತು. ಕಡಿಮೆ ಮಾತಾಡುವವಳು ನಾನು. ಜನರನ್ನು ನೋಡಿಯೇ ತಿಳಿಯುತ್ತೇನೆಂಬ ಹೆಮ್ಮೆಯಿತ್ತು. ನಾನು ನಕ್ಕರೆ ಒಬ್ಬರನ್ನೊಬ್ಬರು ನೋಡಿಕೊಳ್ಳುವ ನೆಂಟರೂ ಇದ್ದಾರೆ. ಅದು ನನ್ನ ಮಿದುಳಿನ ಕಲ್ಪನೆಯಲ್ಲ. ಯಾವುದು ಯಾವುದೆಂದು ಒಳಗೆ ಕೂತು ವಿಂಗಡಿಸಲು ದಾರಿಯಿಲ್ಲ. ಕೇಳಬೇಕು. ನನಗೆ ಬಾರದೇ ಇದ್ದದ್ದು ಅದೊಂದೇ.

ಅತ್ತಿಗೆ ಮಂಚದ ಮೇಲೆ ಮಗುವಿನ ಬಟ್ಟೆ ಮಡಿಸುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ.

"ಅತ್ತಿಗೆ, ನಾನು ಪಾಪು ಎತ್ಕೊಳ್ಳೋದು ನಿಮಗೆ ಇಷ್ಟ ಇಲ್ವಾ?"

"ಅಯ್ಯೋ, ಯಾರ್ ಹೇಳಿದ್ರು?"

"ನಿಮ್ಮ ಮುಖ."

"ನನ್ ಮುಖಾನಾ? ನಿದ್ದೆಗೆಟ್ಟು ಅದು ಇನ್ನೂ ಇದ್ಯಾ ಅಂತಾನೇ ಗೊತ್ತಿಲ್ಲ ಕಣೆ." ಮಡಿಸುತ್ತಿದ್ದ ಕೈ ನಿಂತಿತು. "ಸುಳ್ಳು ಹೇಳಲ್ಲ. ನಿನ್ ಕೈ ನೋಡ್ತಿದ್ದೆ. ನಡುಗ್ತಿತ್ತು. ಪಾಪು ಜಾರಿಬಿಟ್ರೆ ಅಂತ ಭಯ ಆಯ್ತು. ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ನಾದೆ."

ಕೈ ನಡುಗುವುದು ಮಾತ್ರೆಯಿಂದ. ಅಭ್ಯಾಸವಾಗಿ ನನಗೆ ಅದು ಕಾಣುವುದೇ ನಿಂತುಹೋಗಿತ್ತು. ಹಾಗಾದರೆ ನನ್ನೊಳಗಿನ ಗಂಟೆ ಪೂರ್ತಿ ಸುಮ್ಮಸುಮ್ಮನೆ ಹೊಡೆದುಕೊಂಡಿರಲಿಲ್ಲ. ಅವರ ಮುಖದಲ್ಲಿ ಏನೋ ಇತ್ತು. ಅದು ಭಯ, ನಾನು ಅದನ್ನು ತಿರಸ್ಕಾರವೆಂದು ಓದಿದ್ದೆ. ಭಯಕ್ಕಾದರೆ ಏನಾದರೂ ಮಾಡಬಹುದು.

"ಕೂತ್ಕೊಂಡು ತಗೊಂಡ್ರೆ?" ಎಂದೆ.

"ಗೋಡೆಗೆ ಒರಗಿ ಕೂತ್ಕೋ. ತೊಡೆ ಮೇಲೆ ದಿಂಬು ಇಡ್ತೀನಿ. ಇನ್ನೊಂದ್ಸಲ ದೊಡ್ಡಪ್ಪನ ಮಗಳು ಗಿಗಳು ಅಂದ್ರೆ ನೋಡು. ಅಡುಗೆಮನೆ ಮಾತು ಅರ್ಧಂಬರ್ಧ ಇಲ್ಲಿಗೆ ಕೇಳ್ಸುತ್ತೆ. ಅವಳು ಕಿವೀಲಿ ಹೇಳ್ತಾಳಾ? ಇಡೀ ಅಪಾರ್ಟ್‌ಮೆಂಟಿಗೆ ಅನೌನ್ಸ್ ಮಾಡ್ತಾಳೆ."

ಅವರು ನಗುತ್ತಿದ್ದರು. ಅದು ನಗುವೇ ಎಂದು ಕೇಳಬೇಕಾಗಲಿಲ್ಲ.

ಮರುದಿನ ಬೆಳಿಗ್ಗೆ ಮಾತ್ರೆ ನುಂಗಿ, ಸೀರೆಯುಟ್ಟು, ನೆಂಟರ ನಡುವೆ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತೆ. ಅತ್ತಿಗೆ ನನ್ನ ತೊಡೆಯ ಮೇಲೆ ದಿಂಬಿಟ್ಟು ಮಗುವನ್ನು ಮಲಗಿಸಿದರು. ಕೈ ನಡುಗುತ್ತಿತ್ತು, ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ. ಬಗ್ಗಿ, ಅವಳ ಕಿವಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ, ಅವಳ ಹೆಸರು ಹೇಳಿದೆ.