ನೀಲತ್ತಿಯ ತೋಟದ ಕಾಗದ

ಆ ವಾಸನೆ ಗೋಡೆಯ ಆಚೆಯಿಂದ ಬಂತು. ಚೀನಾದ ಒಂದು ದೊಡ್ಡ ನಗರದಲ್ಲಿ, ಬಸ್ಸುಗಳ, ಅಂಗಡಿಗಳ, ಕಟ್ಟುತ್ತಿದ್ದ ಕಟ್ಟಡಗಳ ಗದ್ದಲದ ನಡುವೆ, ಸುಣ್ಣ ಬಳಿದ ಎತ್ತರದ ಗೋಡೆಯ ಪಕ್ಕ ನಾವು ಹತ್ತು ಹನ್ನೆರಡು ಜನ ಸಾಲಾಗಿ ನಿಂತಿದ್ದೆವು. ಹತ್ತಿಯ ತಳಿಗಳ ಮೇಲೆ ಕೆಲಸ ಮಾಡುವವರ ಸಮ್ಮೇಳನಕ್ಕೆಂದು ನಾನು ಧಾರವಾಡದಿಂದ ಹೋಗಿದ್ದೆ. ಒಂದು ಮಧ್ಯಾಹ್ನ ಬಿಡುವು ಸಿಕ್ಕಿತೆಂದು ನಮ್ಮನ್ನು ಊರ ನಡುವಿನ ಹಳೆಯ ಉದ್ಯಾನಕ್ಕೆ ಕರೆತಂದಿದ್ದರು. ಇನ್ನೂ ಟಿಕೀಟು ಕೈಗೆ ಬಂದಿರಲಿಲ್ಲ. ನಿಂತ ನೀರಿನ, ಪಾಚಿ ಹಿಡಿದ ಕಲ್ಲಿನ ವಾಸನೆ, ಅದರ ಮೇಲೆ ಸಂಪಿಗೆಯಂತಹ ಯಾವುದೋ ಹೂವಿನ ಸಿಹಿ ಘಮ. ನಿಮಗೂ ಎಂದಾದರೂ ಹೀಗಾಗಿರಬಹುದು. ಪರವೂರಿನ ಬೀದಿಯಲ್ಲಿ ನಿಂತಾಗ ಎಂದೋ ಕಳೆದುಕೊಂಡ ಮನೆಯ ಬಾಗಿಲು ಇದ್ದಕ್ಕಿದ್ದಂತೆ ಮೂಗಿನ ಮುಂದೆ ತೆರೆದುಕೊಳ್ಳುತ್ತದೆ, ಕಾಲು ಮಾತ್ರ ಮುಂದೆ ಹೋಗುವುದಿಲ್ಲ. ದುಭಾಷಿಯಾಗಿದ್ದ ಲಿನ್ ಎಂಬ ಹುಡುಗಿ ಬಂದು ತೋಳು ಮುಟ್ಟಿದಾಗಲೇ, ಸಾಲಿನಲ್ಲಿ ನಾನೊಬ್ಬಳೇ ಹೊರಗೆ ಉಳಿದಿದ್ದೇನೆಂದು ತಿಳಿದದ್ದು.

ಒಳಗೆ ಕೊಳ, ಕೊಳದ ಮೇಲೆ ಸೊಟ್ಟ ಸೊಟ್ಟ ತಿರುಗುವ ಸೇತುವೆ, ಮಂಟಪಗಳು, ಎಲ್ಲಕ್ಕಿಂತ ಹೆಚ್ಚಾಗಿ ಕಲ್ಲುಗಳು. ಕೆತ್ತಿದ ಕಲ್ಲುಗಳಲ್ಲ, ಮಳೆ ನೀರು ತಿಂದು ತೂತು ಬಿದ್ದ, ಸುಮ್ಮನೆ ನೋಡಲೆಂದು ನಿಲ್ಲಿಸಿದ ಕಲ್ಲುಗಳು. ಜೊತೆಗಿದ್ದವರು ಅವನ್ನು ನೋಡಿ ನಕ್ಕರು, ಕಲ್ಲನ್ನು ಯಾರಾದರೂ ದೂರದಿಂದ ಹೊತ್ತು ತಂದು ತೋಟದಲ್ಲಿ ಇಡುತ್ತಾರೆಯೇ ಎಂದು. ನಾನು ನಗಲಿಲ್ಲ. ನಮ್ಮ ಅಜ್ಜ ತಂದಿದ್ದ.

ಬೈಲಹೊಂಗಲದಲ್ಲಿ ನಮ್ಮ ಮನೆ ಪೇಟೆಯ ಹಿಂದಿತ್ತು. ಮುಂದೆ ಅರಳೆ ಅಂಗಡಿ, ನಡುವೆ ಮನೆ, ಹಿತ್ತಲ ಬಾಗಿಲು ತೆರೆದರೆ ಆಳೆತ್ತರದ ಗೋಡೆಯೊಳಗೆ ಅರ್ಧ ಎಕರೆ ತೋಟ. ಸುಗ್ಗಿಯಲ್ಲಿ ಹತ್ತಿಯ ಗಾಡಿಗಳು ಬೀದಿಯುದ್ದಕ್ಕೂ ನಿಂತು ಎತ್ತುಗಳ ಗಂಟೆ, ಹಮಾಲರ ಕೂಗು, ಬೀಜ ಬಿಡಿಸುವ ಜಿನ್ನು ಯಂತ್ರದ ಗುಂಯ್‍ಗಾಟ ಕಿವಿ ತುಂಬುತ್ತಿದ್ದವು. ಹಿತ್ತಲ ಬಾಗಿಲು ಹಾಕಿಕೊಂಡರೆ ಇದೆಲ್ಲ ದೂರದ ಊರಿನದಾಗುತ್ತಿತ್ತು. ಮೆಟ್ಟಿಲುಗಳಿದ್ದ ಸಣ್ಣ ಹೊಂಡ, ಅದರ ದಂಡೆಗೆ ಅಜ್ಜ ಕಿತ್ತೂರಿನಿಂದ ತಂದು ನೆಟ್ಟ ಸಂಪಿಗೆ, ಕಾಕಡಾ ಮಲ್ಲಿಗೆ, ದವನ, ಕರಿಬೇವು. ಗಾಳಿಗೆ ತೇಲಿ ಬಂದ ಅರಳೆ ಹೊಂಡದ ನೀರಿನ ಮೇಲೆ ಕೆನೆಯಂತೆ ನಿಲ್ಲುತ್ತಿತ್ತು. ಅಜ್ಜ ಸವದತ್ತಿಯ ಕಡೆ ವ್ಯಾಪಾರಕ್ಕೆ ಹೋದಾಗಲೆಲ್ಲ ಖಾಲಿ ಗಾಡಿಯಲ್ಲಿ ಗುಡ್ಡದ ಕೆಂಪು ಬಂಡೆಯೊಂದನ್ನು ಹೇರಿಕೊಂಡು ಬರುತ್ತಿದ್ದನಂತೆ. ಉಗರಗೋಳದ ಹಾದಿಯಲ್ಲಿ ಸಿಕ್ಕ ಒಂದಕ್ಕೆ ಮಲಗಿದ ಎಮ್ಮೆಯ ಬೆನ್ನಿನ ಆಕಾರವಿತ್ತು. ಅದರ ಮೇಲೆ ಕುಳಿತೇ ನಾನು ಅಕ್ಷರ ಕಲಿತದ್ದು, ನೀಲತ್ತಿಗೆ ಕಲಿಸಿದ್ದು.

ನೀಲತ್ತಿ ನಮ್ಮಪ್ಪನ ಅಕ್ಕ. ರಾಮದುರ್ಗಕ್ಕೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಮನೆಗೆ ತಂದ ದಿನ ಅತ್ತಿ ಉಟ್ಟ ಸೀರೆಯಲ್ಲಿ ಬಸ್ಸು ಹತ್ತಿ ತವರಿಗೆ ಬಂದಳು. ಅಜ್ಜ ತೋಟದ ಮೂಲೆಯ ಎರಡು ಖೋಲಿ ಖಾಲಿ ಮಾಡಿಸಿ, ತಾನು ಇರುವಾಗಲೇ ತೋಟವನ್ನು ಅವಳ ಹೆಸರಿಗೆ ಬರೆಸಿದ. ಅಂದಿನಿಂದ ಅವಳ ಲೋಕ ಆ ಗೋಡೆಯೊಳಗೇ. ಬೆಳಗಾಗುವ ಮೊದಲು ಹೊಂಡದಿಂದ ಕೊಡ ಕೊಡ ನೀರು ಹೊತ್ತು ಹಾಕುತ್ತಿದ್ದಳು. ಹೂವು ಬಿಡಿಸಿ ಓಣಿಯ ಗುಡಿಗಳಿಗೆಲ್ಲ ಕಳಿಸುತ್ತಿದ್ದಳು. ಅವಳ ಸೆರಗಿಗೆ ಸದಾ ದವನದ, ಹಸಿ ಮಣ್ಣಿನ ವಾಸನೆ. ಸಂಜೆ ಸಾಲೆ ಬಿಟ್ಟೊಡನೆ ನಾನು ಅಲ್ಲಿಗೆ ಓಡುತ್ತಿದ್ದೆ. ರೊಟ್ಟಿಗೆ ಗುರೆಳ್ಳು ಚಟ್ನಿ, ಎಣ್ಣೆ ಹಚ್ಚಿ ಕೊಡುತ್ತಿದ್ದಳು. ನಾನು ತಿಂದು ಮುಗಿಸುವವರೆಗೂ ಪಾಟಿ ಹಿಡಿದು ಕಾಯುತ್ತಿದ್ದಳು. ಒಂದು ವರ್ಷವಿಡೀ ಕಲಿತು ಅವಳು ಬರೆಯಲು ಸಾಧ್ಯವಾದದ್ದು ಮೂರೇ ಅಕ್ಷರ: ನೀಲವ್ವ. ಅದರಲ್ಲೂ ವಕಾರದ ಒತ್ತು ಹೊರಳಿ ಬೀಳುತ್ತಿತ್ತು. “ಇನ್ನ ನಾ ಹೆಬ್ಬಟ್ಟ ಒತ್ತಂಗಿಲ್ಲ ನೋಡ ಸುಮಿ,” ಎಂದಿದ್ದಳು. ಅಷ್ಟು ಸಂತೋಷವನ್ನು ಅವಳ ಮುಖದಲ್ಲಿ ನಾನು ಮತ್ತೆ ಕಾಣಲಿಲ್ಲ.

ಅಜ್ಜ ಹೋದ ಮೇಲೆ ಅಪ್ಪನಿಗೂ ಕಾಕಾನಿಗೂ ತೋಟದ ಮೇಲೆ ಕಣ್ಣು ಬಿತ್ತು. ತೊಂಬತ್ತರ ದಶಕದ ಆರಂಭದ ವರ್ಷಗಳವು, ಪೇಟೆ ಹಿಂದಕ್ಕೆ ಬೆಳೆಯುತ್ತಿತ್ತು, ತೋಟದ ಆಚೆ ಹೊಸ ರಸ್ತೆ ಬಂದಿತ್ತು. ಇಬ್ಬರೂ ಒಮ್ಮೆ ಅತ್ತಿಯನ್ನು ಕೇಳಿದರು. ಅವಳು, “ಅಪ್ಪ ಕೊಟ್ಟದ್ದು. ನಾ ಸತ್ತ ಮ್ಯಾಲ ತಗೊಳ್ರಿ,” ಎಂದಳು. ಆಮೇಲೆ ಯಾವ ಕಾಗದ ತೋರಿಸಿದರೂ ಸಹಿ ಮಾಡುತ್ತಿರಲಿಲ್ಲ.

ನಾನಾಗ ಆರನೇ ಇಯತ್ತೆ. ಒಂದು ಸಂಜೆ ಅಪ್ಪ ನನ್ನನ್ನು ಅಂಗಡಿಯ ಗಾದಿಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡ. ಹಾಗೆ ಕೂರಿಸಿಕೊಂಡದ್ದು ಅದೇ ಮೊದಲು. ತಲೆ ಸವರುತ್ತ, “ನಿಮ್ಮತ್ತಿ ಸುಮ್ಮನ ಹೆದರತಾಳವ್ವಾ. ಇದು ರೇಷನ್ ಕಾರ್ಡಿಂದು ಅಂತ ಓದಿ ಹೇಳು. ನೀ ಓದಿದಿ ಅಂದ್ರ ನಂಬತಾಳ,” ಎಂದ. ಆ ಕೈ ನನ್ನ ತಲೆಯ ಮೇಲೆ ಇನ್ನಷ್ಟು ಹೊತ್ತು ಇರಲಿ ಎನ್ನುವುದೊಂದೇ ಆಗ ನನಗೆ ಬೇಕಾಗಿತ್ತು. ಹೂಂ ಎಂದೆ.

ಅತ್ತಿ ಎಮ್ಮೆಬಂಡೆಯ ಮೇಲೆ ಕುಳಿತು ಹೂವು ಕಟ್ಟುತ್ತಿದ್ದಳು. ಅಪ್ಪ ಕಾಗದ ಚಾಚಿದ. ಅವಳು ಅದನ್ನು ನನ್ನ ಕೈಗೆ ಕೊಟ್ಟಳು. “ಇದರಾಗ ಏನ ಬರದಾರ, ನೀ ಓದವ್ವಾ.” ನಾನು ನೋಡಿದೆ. ‘ತೋಟ’ ಎಂದಿತ್ತು. ‘ನನ್ನ ಸ್ವಇಚ್ಛೆಯಿಂದ’ ಎಂದಿತ್ತು. ‘ಹಕ್ಕು ಬಿಟ್ಟುಕೊಟ್ಟಿದ್ದೇನೆ’ ಎಂದಿತ್ತು. ಎಲ್ಲವೂ ನನಗೆ ಓದಲು ಬರುತ್ತಿದ್ದ ಅಕ್ಷರಗಳು. “ರೇಷನ್ ಕಾರ್ಡಿನ ಕಾಗದ ಅತ್ತಿ. ನಿನ್ನ ಹೆಸರು ನಮ್ಮ ಕಾರ್ಡಿನ್ಯಾಗ ಸೇರಸಾಕ,” ಎಂದೆ. ಸಾಲೆಯಲ್ಲಿ ಪಾಠ ಓದುವಂತೆ ಬೆರಳಿಟ್ಟು, ಇಲ್ಲದ ಸಾಲುಗಳನ್ನು ಸಕ್ಕರೆ, ಚಿಮಣಿ ಎಣ್ಣೆ ಎಂದು ಓದಿದೆ. ಅಪ್ಪ ಹೆಬ್ಬಟ್ಟಿಗೆಂದು ಶಾಯಿಯ ಡಬ್ಬಿ ತೆರೆದಾಗ ಅತ್ತಿ ಅವನ ಕೈ ಸರಿಸಿದಳು. “ನನಗ ಸಹಿ ಬರತೈತಿ. ಸುಮಿ ಕಲಿಸ್ಯಾಳ.” ನಾಲಿಗೆ ಕಚ್ಚಿಕೊಂಡು, ನಿಧಾನವಾಗಿ, ಮೂರು ಅಕ್ಷರ ಬರೆದಳು. ಒತ್ತು ಆ ದಿನ ಸರಿಯಾಗಿ ಬಿತ್ತು. ಬರೆದು ನನ್ನ ಮುಖ ನೋಡಿದಳು, ಶಾಭಾಸ್ ಎನ್ನಲಿ ಎಂದು. ನಾನು ಶಾಭಾಸ್ ಎಂದೆ. ಮರುದಿನ ಅವಳನ್ನು ನೋಂದಣಿ ಕಚೇರಿಗೆ ಕರೆದೊಯ್ದರು. ಅಲ್ಲಿಯೂ ಅವಳು ಅದೇ ನಂಬಿಕೆಯಿಂದ ಬರೆದು ಬಂದಳಂತೆ.

ಎರಡು ತಿಂಗಳಿಗೆ ಗರಗಸ ಹಿಡಿದವರು ಬಂದರು. ಮೊದಲು ಬಿದ್ದದ್ದು ಸಂಪಿಗೆ. ಹೊಂಡಕ್ಕೆ ಟ್ರ್ಯಾಕ್ಟರಿನಿಂದ ಮಣ್ಣು ಸುರಿದರು, ಅಜ್ಜನ ಬಂಡೆಗಳನ್ನು ಒಡೆದು ಅಂಗಡಿ ಸಾಲಿನ ಅಡಿಪಾಯಕ್ಕೆ ತುಂಬಿದರು. ಅತ್ತಿ ಅಳಲಿಲ್ಲ. ಹಿತ್ತಲ ಬಾಗಿಲಿನಲ್ಲಿ ನಿಂತು ಅಪ್ಪನಿಗೂ ಕಾಕಾನಿಗೂ, ನೋಡಲು ನೆರೆದ ಓಣಿಯವರಿಗೂ ಒಂದೇ ಮಾತು ಹೇಳಿದಳು. “ಕಾಗದ ಬದಲ ಮಾಡ್ಯಾರ. ನಾ ಸಹಿ ಮಾಡಿದ್ದು ಬ್ಯಾರೆ ಕಾಗದ. ನಮ್ಮ ಸುಮಿ ತಾನ ಓದ್ಯಾಳ, ಕೇಳ್ರಿ ಆಕೀನ್ನ.” ಎಲ್ಲರೂ ನನ್ನತ್ತ ನೋಡಿದರು. ಅಪ್ಪನೂ ನೋಡಿದ. ನಾನು ಅವ್ವನ ಸೆರಗಿನ ಹಿಂದೆ ಸರಿದೆ.

ಆ ವಾರವೇ ಅತ್ತಿ ಸಿರಸಂಗಿಯಲ್ಲಿದ್ದ ತನ್ನ ಸೋದರಮಾವನ ಮಗನ ಮನೆಗೆ ಹೋದಳು. ದನದ ಕೊಟ್ಟಿಗೆಗೆ ತಾಗಿದ ಒಂದು ಖೋಲಿ. ಅಂಗಳವೆಲ್ಲ ಹಾಸುಗಲ್ಲು, ಒಂದು ತುಳಸಿಗೂ ಮಣ್ಣಿರಲಿಲ್ಲ. ಹದಿಮೂರು ವರ್ಷ ಅಲ್ಲಿದ್ದಳು. ನಾನು ಹೋದದ್ದು ಎರಡೇ ಸಲ. ಎರಡನೆಯ ಸಲ ಹೋದದ್ದು ಹೇಳಿಬಿಡಲೆಂದೇ. ಅತ್ತಿ ಹಾಸಿಗೆ ಹಿಡಿದಿದ್ದಳು, ಕಣ್ಣಿಗೆ ಪೊರೆ ಬಂದಿತ್ತು. ಕೈ ತಡವಿ ನನ್ನ ಮುಖ ಮುಟ್ಟಿದಳು. ಬಾಯಿ ತೆರೆಯುವಷ್ಟರಲ್ಲಿ ಆ ಮನೆಯ ಸೊಸೆ ಚಹಾ ತಂದಳು. ಅತ್ತಿ ಅವಳಿಗೆ ನನ್ನನ್ನು ತೋರಿಸಿ, “ಈಕೀನ ನೋಡವಾ ನಮ್ಮ ಸುಮಿ. ನನ್ನ ಪಾಲಿಗೆ ಆ ಮನ್ಯಾಗ ಖರೆ ಮಾತಾಡಿದಾಕಿ ಇಕಿ ಒಬ್ಬಾಕಿನ,” ಎಂದಳು.

ಹೇಗೆ ಹೇಳಲಿ? ಅವಳ ಬಳಿ ಉಳಿದದ್ದು ಅದೊಂದೇ. ಅದನ್ನು ಕಸಿದುಕೊಳ್ಳಬಾರದೆಂದು ಸುಮ್ಮನಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಅವಳ ಕೈ ನನ್ನ ಮುಖದಿಂದ ಹಿಂದೆ ಸರಿಯುತ್ತದೆಂದು ಹೆದರಿದ್ದೆ. ಚಹಾ ಕುಡಿದು, ಸಂಜೆ ಬಸ್ಸಿಗೆ ಧಾರವಾಡಕ್ಕೆ ಮರಳಿದೆ. ಮುಂದಿನ ತಿಂಗಳು ಅತ್ತಿ ತೀರಿಕೊಂಡಳು. ನನಗೆ ಸುದ್ದಿ ಮುಟ್ಟುವಾಗ ಮಣ್ಣು ಮಾಡಿ ಮುಗಿದಿತ್ತು.

ಆ ಉದ್ಯಾನದಲ್ಲಿ ಲಿನ್ ನನ್ನನ್ನು ಕೊಳದ ದಂಡೆಯ ಕಲ್ಲಿನ ಮೇಲೆ ಕೂರಿಸಿದಳು. ಯಾರೋ ಅಧಿಕಾರಿ ತನ್ನ ಮುಪ್ಪಿನ ತಂದೆತಾಯಿಯ ಸುಖಕ್ಕೆಂದು ಇದನ್ನು ಕಟ್ಟಿಸಿದನಂತೆ. ನೂರಾರು ವರ್ಷ, ಯುದ್ಧ, ಬೆಂಕಿ ಎಲ್ಲ ದಾಟಿ ಬಂದಿದೆಯಂತೆ. ಇಂಗ್ಲಿಷಿನಲ್ಲಿ ಅದನ್ನೆಲ್ಲ ಹೇಳುತ್ತಿದ್ದವಳು ನನ್ನ ಕಣ್ಣು ನೋಡಿ, ಏನಾಯಿತು ಎಂದು ಕೇಳಿದಳು. ನಾನು ಹೇಳಿದೆ. ಬಾಯಿಂದ ಬಂದದ್ದು ನಮ್ಮ ಭಾಷೆ. “ನಾ ಸುಳ್ಳ ಓದಿದ್ನಿ. ಹಕ್ಕು ಅಂತ ಬರದಿತ್ತು, ನನಗ ಓದಾಕ ಬರತಿತ್ತು,” ಎಂದೆ. ಸಂಪಿಗೆ ಬಿದ್ದದ್ದು, ಕಲ್ಲು ಒಡೆದದ್ದು, ಸಿರಸಂಗಿಯ ಖೋಲಿ, ಒಂದನ್ನೂ ಬಿಡದೆ ಹೇಳಿದೆ. ಇದನ್ನು ಯಾರಿಗಾದರೂ ಹೇಳಿದ್ದು ಅದೇ ಮೊದಲು. ಲಿನ್ ಒಂದು ಶಬ್ದವೂ ತಿಳಿಯದೆ, ಕೊನೆಯವರೆಗೂ ಎದ್ದು ಹೋಗದೆ ಕೇಳಿದಳು. ನಾನು ನಿಲ್ಲಿಸಿದಾಗ ನನ್ನ ಕೈ ಹಿಡಿದುಕೊಂಡು, ಮಕ್ಕಳನ್ನು ಸಂತೈಸುವ ದನಿಯಲ್ಲಿ, ಅಳಬೇಡಿ, ಇನ್ನು ಮೂರೇ ದಿನ, ನಿಮ್ಮ ಮನೆ ಸೇರುತ್ತೀರಿ ಎಂದಳು.

ನಾನು ಹೌದೆಂದು ತಲೆ ಆಡಿಸಿದೆ.