ಬಲ ಅಂಚಿನ ಗುರುತು

ದೊಡ್ಡಾಕೆಗೆ ಹೊಟ್ಟೆಕಿಚ್ಚು ಇತ್ತು. ಅದರಲ್ಲಿ ಮುಚ್ಚುಮರೆ ಏನೂ ಬೇಡ, ಧಾರಾಳವಾಗಿಯೇ ಇತ್ತು. ಅದೂ ಯಾರ ಮೇಲೆ? ತಾನೇ ಕೈಹಿಡಿದು ಕೆಲಸ ಕಲಿಸಿ, ತಾನೇ ಮುಂದೆ ನಿಂತು ಮೈದುನನಿಗೆ ಸಂಬಂಧ ಕುದುರಿಸಿ, ತನ್ನ ಮನೆಯ ಮೇಲಿನ ಮಹಡಿಗೇ ತಂದಿಟ್ಟುಕೊಂಡ ಓರಗಿತ್ತಿಯ ಮೇಲೆ. ಮನೆಯಲ್ಲಿ ಇವರು ದೊಡ್ಡಾಕೆ, ಚಿಕ್ಕಾಕೆ. ಇಬ್ಬರೂ ಒಂದೇ ಪಿಂಚಣಿ ಕಂಪನಿಯಲ್ಲಿದ್ದುದರಿಂದ ಕಚೇರಿಯಲ್ಲೂ ಅದೇ ಹೆಸರು ಅಂಟಿಕೊಂಡಿತು.

ದೊಡ್ಡಾಕೆ ಕೆಲಸಕ್ಕೆ ಸೇರಿದ ಕಾಲದಲ್ಲಿ ಅಲ್ಲಿ ಕೋಬಾಲ್ ಬಿಟ್ಟು ಬೇರೆ ಮಾತಿರಲಿಲ್ಲ. ಬ್ಯಾಂಕು, ವಿಮೆ, ಸಂಬಳದ ಲೆಕ್ಕಕ್ಕೆಂದೇ ಹುಟ್ಟಿದ ಆ ಕಂಪ್ಯೂಟರ್ ಭಾಷೆಯನ್ನು ಅವಳು ಬೇಗ ಕಲಿತಳು. ಆಮೇಲೆ ಬಂದ ಚಿಕ್ಕಾಕೆಗೂ ಕಲಿಸಿದಳು. ಕೋಬಾಲಿನಲ್ಲಿ ಪ್ರತಿ ಸಾಲಿನ ಬಲ ತುದಿಯಲ್ಲಿ ಒಂದಿಷ್ಟು ಜಾಗವನ್ನು ಯಂತ್ರ ಓದುವುದೇ ಇಲ್ಲ. ಆ ಅಂಚಿನಲ್ಲಿ ಸಾಲು ಬರೆದವರು ತಮ್ಮ ಗುರುತು ಹಾಕುವುದು, ತಿದ್ದಿದವರು ಹಳೆಯ ಗುರುತು ಅಳಿಸಿ ತಮ್ಮದು ಹಾಕುವುದು ಆ ಕಚೇರಿಯ ರೂಢಿ. "ಮರೀಬೇಡ ಕಣೇ, ನಾಳೆ ಬೈಯೋರಿಗೆ ಯಾರನ್ನ ಬೈಬೇಕು ಅಂತ ಗೊತ್ತಾಗ್ಬೇಕು" ಎಂದು ಮೊದಲ ದಿನವೇ ಹೇಳಿಕೊಟ್ಟವಳು ದೊಡ್ಡಾಕೆ.

ಮುಂದೆ ಹೊಸ ಹೊಸ ಭಾಷೆಗಳು ಬಂದವು. ಕೋಬಾಲಿನ ಕತೆ ಮುಗಿಯಿತು ಎಂದು ಕಂಡಕಂಡವರೆಲ್ಲ ಹೇಳತೊಡಗಿದಾಗ ದೊಡ್ಡಾಕೆ ಹಿಂದೆಮುಂದೆ ನೋಡದೆ ಗಾಜಿನ ಗೋಡೆಯ ಹೊಸ ವಿಭಾಗಕ್ಕೆ ಹಾರಿದಳು. ಚಿಕ್ಕಾಕೆ ಲಿಫ್ಟಿನ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ, ಕಪ್ಪು ತೆರೆಯ ಹಸಿರು ಅಕ್ಷರಗಳ ಮುಂದೆ ಉಳಿದಳು.

"ಇನ್ನೂ ಆ ಮುದುಕಿಗೆ ಔಷಧಿ ಕುಡಿಸ್ತಾ ಕೂತಿದ್ದೀಯೇನೇ?" ಎಂದು ದೊಡ್ಡಾಕೆ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಕೋಬಾಲಿನ ನೆಪದಲ್ಲಿ ಚುಚ್ಚುವಳು.

"ಹೂಂ ಅಕ್ಕ, ಇನ್ನೂ ಗಟ್ಟಿಯಾಗೇ ಇದ್ದಾಳೆ" ಎಂದು ಚಿಕ್ಕಾಕೆ ನಗುವಳು. ಆ ನಗುವೂ ದೊಡ್ಡಾಕೆಗೆ ಸೇರುತ್ತಿರಲಿಲ್ಲ.

ಮುದುಕಿ ಸಾಯಲಿಲ್ಲ. ದೊಡ್ಡಾಕೆ ಒಂದು ಹೊಸ ಭಾಷೆಯಲ್ಲಿ ಕೈ ಪಳಗಿಸಿಕೊಳ್ಳುವಷ್ಟರಲ್ಲಿ ಅದು ಮೂಲೆ ಸೇರಿ, ನಿನ್ನೆ ಮೊನ್ನೆ ಬಂದವರ ಪಕ್ಕ ಕೂತು ಇನ್ನೊಂದನ್ನು ಮೊದಲಿನಿಂದ ಕಲಿಯಬೇಕಾಗುತ್ತಿತ್ತು. ಅತ್ತ ಕೋಬಾಲ್ ಬಲ್ಲವರೆಲ್ಲ ಒಬ್ಬೊಬ್ಬರಾಗಿ ನಿವೃತ್ತರಾಗಿ, ಉಳಿದವರಿಗೆ ಎಲ್ಲಿಲ್ಲದ ಬೆಲೆ ಬಂತು. ಬೇರೆ ಊರಿನ ಕಂಪನಿಗಳು ಚಿಕ್ಕಾಕೆಯನ್ನು ಕರೆದವು. ಅತ್ತೆಯನ್ನು ಬಿಟ್ಟು ಬರಲಾರೆ ಎಂದಳು, ಅತ್ತೆಯ ಕಣ್ಣಲ್ಲಿ ಇನ್ನಷ್ಟು ಮೇಲೇರಿದಳು. ಮ್ಯಾನೇಜರ್ ದೊಡ್ಡಾಕೆಯನ್ನು ಬೇಕಾದಾಗ ಮೆಸೇಜು ಹಾಕಿ ಕರೆಸುತ್ತಿದ್ದರು. ಚಿಕ್ಕಾಕೆಯ ಕೋಣೆಗಾದರೆ ತಾವೇ ನಡೆದು ಹೋಗಿ ಬಾಗಿಲು ತಟ್ಟುತ್ತಿದ್ದರು.

ಮನೆಯಲ್ಲಂತೂ ಕೇಳುವುದೇ ಬೇಡ. "ನಮ್ಮ ಚಿಕ್ಕಾಕೆ ರಜಾ ಹಾಕಿದ್ರೆ ಅಷ್ಟೂ ಜನದ ಪಿಂಚಣಿ ನಿಂತೇ ಹೋಗತ್ತೆ" ಎಂದು ಅತ್ತೆ ಬಂದವರಿಗೆಲ್ಲ ಹೇಳುವರು. ದೊಡ್ಡ ಸೊಸೆ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, "ಅವಳೂ ಅಲ್ಲೇ ಇದ್ದಾಳೆ" ಎನ್ನುವರು. ಅಷ್ಟೇ.

"ನೀನೇ ಕಲಿಸಿದ್ದಲ್ವಾ, ಖುಷಿ ಪಡು" ಎಂದ ಗಂಡ ಒಂದು ದಿನ.

"ಅದಕ್ಕೇ ಉರಿಯೋದು!" ಎಂದಳು ದೊಡ್ಡಾಕೆ.

ಹೀಗಿರುವಾಗ ಕಂಪನಿಗೆ ಹಳೆಯ ಕೋಬಾಲ್ ಪ್ರೋಗ್ರಾಮನ್ನು ಇಟ್ಟುಕೊಳ್ಳಬೇಕೋ, ಕಿತ್ತು ಹಾಕಿ ಹೊಸ ಭಾಷೆಯಲ್ಲಿ ಬರೆಯಬೇಕೋ ಎಂಬ ಪ್ರಶ್ನೆ ಬಂತು. ಕಿತ್ತು ಹಾಕಿದರೆ ಲಿಫ್ಟಿನ ಹಿಂದಿನ ಕೋಣೆಗೆ ಬೀಗ ಬೀಳುತ್ತದೆ, ಚಿಕ್ಕಾಕೆ ಮನೆಗೆ ಹೋಗುತ್ತಾಳೆ. ಹಳೆಯದರ ಹುಳುಕು ಎತ್ತಿ ತೋರಿಸುವ ಕೆಲಸ ದೊಡ್ಡಾಕೆಗೆ ಸಿಕ್ಕಿತು. ಅವಳು ಇಡೀ ಪ್ರೋಗ್ರಾಮನ್ನು ತನ್ನ ಕಂಪ್ಯೂಟರಿಗೆ ತರಿಸಿಕೊಂಡು ಹಠ ಹಿಡಿದು ಜಾಲಾಡಿದಳು. ಎಲ್ಲೂ ಹುಳುಕಿಲ್ಲ. ಸಿಟ್ಟು ನೆತ್ತಿಗೇರುವ ಹೊತ್ತಿಗೆ, ವಿಧವೆಯರ ಪಿಂಚಣಿ ಲೆಕ್ಕ ಹಾಕುವ ಒಂದು ಭಾಗ ಸಿಕ್ಕಿತು. ಅಬ್ಬಾ, ಏನು ಗೋಜಲು! ದೊಡ್ಡಾಕೆಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಸಭೆಯಲ್ಲಿ ಅದನ್ನೇ ಗೋಡೆಯ ತುಂಬ ಮೂಡಿಸಿದಳು. "ನೋಡಿ ಸರ್, ಮನೆಗೆ ಬಂದವರನ್ನ ಹಿತ್ತಿಲಿಂದ ಅಟ್ಟಕ್ಕೆ ಹತ್ತಿಸಿ, ಅಟ್ಟದಿಂದ ಬಚ್ಚಲಿಗೆ ಇಳಿಸಿ, ಆಮೇಲೆ ಕುರ್ಚಿ ಕೊಟ್ಟ ಹಾಗಿದೆ. ಬರೆದೋರಿಗೆ ತಲೇಲಿ ಏನಿತ್ತೋ!"

ಎಲ್ಲರೂ ನಕ್ಕರು. "ಯಾರು ಬರೆದಿದ್ದು ಇದನ್ನ?" ಎಂದರು ಮ್ಯಾನೇಜರ್.

ಚಿಕ್ಕಾಕೆ ಗೋಡೆಯತ್ತ ನೋಡಿದಳು, ದೊಡ್ಡಾಕೆಯತ್ತ ನೋಡಿದಳು. "ನಾನೇ ಸರ್. ಆಗಿನ್ನೂ ಕಲೀತಿದ್ದೆ" ಎಂದಳು.

ಹಳೆಯದನ್ನು ಕಿತ್ತು ಹಾಕುವುದೆಂದು ಮಾತಾಯಿತು. ಮ್ಯಾನೇಜರ್ ಸಂಜೆಯೊಳಗೆ ಆದೇಶಕ್ಕೆ ಸಹಿ ಹಾಕುವುದಷ್ಟೇ ಬಾಕಿ.

ಊಟವಾದ ಮೇಲೆ ದೊಡ್ಡಾಕೆ ಲಿಫ್ಟಿನ ಹಿಂದಿನ ಕೋಣೆಗೆ ಹೋದಳು. ಸಮಾಧಾನ ಹೇಳಲು ಎಂದುಕೊಂಡಳು. ಸುಳ್ಳು, ಸೋತ ಮುಖ ನೋಡಲು ಹೋದಳು. ಚಿಕ್ಕಾಕೆ ಚಹಾ ತರಲು ಹೋಗಿದ್ದಳು. ತೆರೆಯ ಮೇಲೆ ಅದೇ ಗೋಜಲು ಹಸಿರು ಅಕ್ಷರದಲ್ಲಿ ಹೊಳೆಯುತ್ತಿತ್ತು. ಆದರೆ ಇಲ್ಲಿ ಬಲ ಅಂಚೂ ಇತ್ತು. ಯಂತ್ರ ಓದದ ಆ ಜಾಗವನ್ನು ಕಸ ಎಂದುಕೊಂಡು ಅವಳ ವಿಭಾಗದ ಹುಡುಗರು ನಕಲು ಮಾಡುವಾಗ ಕತ್ತರಿಸಿ ಬಿಸಾಡಿದ್ದರು. ಈಗ ನೋಡಿದರೆ ಮೇಲಿನಿಂದ ಕೆಳಗಿನವರೆಗೆ, ಸಾಲು ಸಾಲಿಗೂ, ದೊಡ್ಡಾಕೆಯದೇ ಗುರುತು.

ಚಿಕ್ಕಾಕೆ ಎರಡು ಲೋಟ ಹಿಡಿದು ಬಂದಳು.

"ಇದು ನಿಂಗೆ ಗೊತ್ತಿತ್ತಾ?"

"ದಿನಾ ನೋಡ್ತೀನಲ್ಲ ಅಕ್ಕ."

"ಮತ್ತೆ ನಂದು ಅಂತ ಯಾಕೆ ಅಂದೆ?"

"ಅಷ್ಟು ಜನರ ಮುಂದೆ ನಿಮ್ಮ ಮುಖ ಸಣ್ಣದಾಗೋದು ನೋಡೋಕಾಗಲಿಲ್ಲ. ಹೋಗ್ಲಿ ಬಿಡಿ. ಚಹಾ ತಗೊಳ್ಳಿ, ಆರತ್ತೆ."

ಬೇರೆ ಯಾರಾದರೂ ಆಗಿದ್ದರೆ ಕಣ್ಣೀರು ಹಾಕಿ ತಬ್ಬಿಕೊಳ್ಳುತ್ತಿದ್ದರು. ದೊಡ್ಡಾಕೆಗೆ ಮೈಯೆಲ್ಲ ಉರಿ ಹತ್ತಿತು. ಕೆಲಸ ಇವಳದು, ಮ್ಯಾನೇಜರ್ ಇವಳ ಕಡೆ, ಅತ್ತೆ ಇವಳ ಕಡೆ. ಈಗ ಒಳ್ಳೆಯತನವೂ ಇವಳಿಗೇ ಹೋಗಬೇಕೇ? ಮನೆಗೆ ಹೋದ ಮೇಲೂ ಅದನ್ನು ಯಾರಿಗೂ ಹೇಳದೆ, ನಗುತ್ತ ಮೆಟ್ಟಿಲು ಹತ್ತುತ್ತಾಳೆ. ಅದನ್ನು ದಿನಾ ಹೇಗೆ ನೋಡುವುದು? ಚಹಾ ಮುಟ್ಟದೆ ದೊಡ್ಡಾಕೆ ದಡದಡ ನಡೆದು ಮ್ಯಾನೇಜರ್ ಮುಂದೆ ನಿಂತಳು.

"ಸರ್, ಅದನ್ನ ಬರೆದಿದ್ದು ನಾನು. ಅಂಚಲ್ಲಿ ನನ್ನ ಗುರುತಿದೆ."

ಅವರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಅವರು ಬರೆದಿದ್ದು ಯಾವುದು?"

"ಉಳಿದಿದ್ದೆಲ್ಲಾ" ಎಂದಳು ದೊಡ್ಡಾಕೆ. "ಹುಳುಕು ಹುಡುಕಿ ಹುಡುಕಿ ಸಾಕಾಯ್ತು. ಒಂದೂ ಸಿಗಲಿಲ್ಲ."

ಆದೇಶಕ್ಕೆ ಸಹಿ ಬೀಳಲಿಲ್ಲ. ಆದರೆ ಮ್ಯಾನೇಜರ್ ಯೋಚನೆ ಮಾಡಿ ಇನ್ನೊಂದು ಮಾತು ಹೇಳಿದರು. "ಹಳೇದು ಇರ್ಲಿ. ಇದನ್ನ ಅವರೊಬ್ಬರ ಮೇಲೇ ಬಿಟ್ಟಿದ್ದು ನಮ್ಮ ತಪ್ಪು. ನಿಮಗೂ ಕೋಬಾಲ್ ಬರತ್ತಲ್ಲ? ನಾಳೆಯಿಂದ ಅವರ ಕೈಕೆಳಗೆ ಕೂತ್ಕೊಳ್ಳಿ."

ಲಿಫ್ಟಿನ ಹಿಂದಿನ ಕೋಣೆಗೆ ಎರಡನೇ ಕುರ್ಚಿ ಬಂತು. ಚಿಕ್ಕಾಕೆ ಕೊಟ್ಟ ಮೊದಲ ಕೆಲಸ ಆ ಗೋಜಲನ್ನು ಬಿಡಿಸುವುದು. ಮರೆತ ಭಾಷೆ ಬೈದುಕೊಳ್ಳುತ್ತಲೇ ಕೈಗೆ ಬಂತು. ತಿದ್ದಿದ ಪ್ರತಿ ಸಾಲಿನ ತುದಿಗೂ ದೊಡ್ಡಾಕೆ ತನ್ನ ಗುರುತನ್ನು ಒತ್ತಿ ಒತ್ತಿ ಹಾಕಿದಳು. ಸಂಜೆ ಕುರ್ಚಿ ಬಿಟ್ಟು ಏಳುವ ಮುಂಚೆ, ಇಡೀ ಪ್ರೋಗ್ರಾಮಿನಲ್ಲಿ ಯಾರ ಗುರುತು ಹೆಚ್ಚಿದೆ ಎಂದು ಕದ್ದು ನೋಡಿದಳು. ನೋಡಬಾರದಿತ್ತು.

ಮನೆಗೆ ಬಂದರೆ ನಡುಮನೆಯಲ್ಲಿ ಪಕ್ಕದ ಮನೆಯಾಕೆ ಕೂತಿದ್ದಳು. ಅತ್ತೆಯ ದನಿ ಬಾಗಿಲಿಗೇ ಕೇಳಿಸಿತು. "ಈಗ ನಮ್ಮ ಚಿಕ್ಕಾಕೆ ದೊಡ್ಡಾಕೆಗೂ ಕೋಬಾಲ್ ಕಲಿಸ್ತಿದ್ದಾಳೆ!"

ದೊಡ್ಡಾಕೆ ಹೊಸ್ತಿಲಲ್ಲೇ ಕಂಬವಾದಳು. ಹಿಂದೆ ಬರುತ್ತಿದ್ದ ಚಿಕ್ಕಾಕೆ ಗಾಬರಿಯಿಂದ ಮುಂದೆ ನುಗ್ಗಿದಳು. "ಅಯ್ಯೋ ಇಲ್ಲ ಅತ್ತೆ, ಅಕ್ಕನೇ ನಂಗೆ ಕಲಿಸಿ..."

"ಸುಮ್ನಿರೇ!" ದೊಡ್ಡಾಕೆ ಅವಳ ತೋಳು ಹಿಡಿದು ಹಿಂದಕ್ಕೆ ಎಳೆದಳು. "ಅದನ್ನಾದ್ರೂ ನಾನು ಹೇಳ್ತೀನಿ."